ಚಾಮಯ್ಯ ಮೇಷ್ಟ್ರ ತಪ್ಪು

ಕರಗನಹಳ್ಳಿ ಸುಬ್ಬರಾಯ ಅಶ್ವತ್ಥನಾರಾಯಣ ಹುಟ್ಟಿದ್ದು 1925ರ ಮಾರ್ಚ್ 25ರಂದು, ಮೈಸೂರಿನಲ್ಲಿ. ಹೆಸರಿನ ಮೊದಲಲ್ಲಿರುವ ಕರಗನಹಳ್ಳಿ ಹಾಸನ ಜಿಲ್ಲೆ ಹೊಳೆನರಸೀಪುರ ತಾಲ್ಲೂಕಿನದು, ಮನೆತನದ ಮೂಲ ಊರು. ಈ ಉದ್ದ ಹೆಸರನ್ನು ಚಿತ್ರರಂಗ ಕೆ.ಎಸ್. ಅಶ್ವಥ್ ಎಂದು ಮೊಟಕು ಮಾಡಿಕೊಂಡಿತು. ಪ್ರೇಕ್ಷಕರು ಅದನ್ನೂ ಬಿಟ್ಟು 'ನಾಗರಹಾವು' ಚಿತ್ರದ ಚಾಮಯ್ಯ ಮೇಷ್ಟ್ರು ಎಂದೇ ಕರೆದರು. 350ಕ್ಕೂ ಹೆಚ್ಚು ಚಿತ್ರಗಳಲ್ಲಿ ಕಾಣಿಸಿಕೊಂಡ ನಟನೊಬ್ಬ ಒಂದೇ ಪಾತ್ರದ ಹೆಸರಿನಲ್ಲಿ ಉಳಿದುಕೊಂಡಿದ್ದು ಅದೃಷ್ಟವೂ ಹೌದು, ಅನ್ಯಾಯವೂ ಹೌದು. ಆ ಒಂದು ಪಾತ್ರವನ್ನಾದರೂ ಜನ ಸರಿಯಾಗಿ ನೆನಪಿಟ್ಟುಕೊಂಡಿದ್ದಾರೆಯೇ ಎಂಬುದು ಬೇರೆ ಮಾತು.

1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಕಾವೇರಿದಾಗ ಅಶ್ವಥ್ ಹದಿನೇಳರ ಹುಡುಗ. ಚಳವಳಿಗೆ ಇಳಿದು ಓದು ಬಿಟ್ಟರು. ಮುಂದೆ ಹೊಟ್ಟೆಪಾಡಿಗೆ ಸಿಕ್ಕಿದ್ದು ಫುಡ್ ಇನ್‌ಸ್ಪೆಕ್ಟರ್ ಕೆಲಸ. ಸಂಜೆಯ ಹೊತ್ತು ಹವ್ಯಾಸಿ ನಾಟಕ, ಆಮೇಲೆ ಆಕಾಶವಾಣಿಯ ನಾಟಕ. ಮೈಸೂರಿಗೆ ರೇಡಿಯೊ ಹೊಸದಲ್ಲ. ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲೇ ತಮ್ಮ ಮನೆಯಲ್ಲಿ ಬಾನುಲಿ ನಿಲಯ ಆರಂಭಿಸಿದ ಊರು ಅದು.

ಈ ಹಿನ್ನೆಲೆಯನ್ನು ಹಗುರವಾಗಿ ದಾಟಿಹೋಗುವಂತಿಲ್ಲ. ಕನ್ನಡ ಚಿತ್ರರಂಗದ ಮೊದಲ ತಲೆಮಾರಿನ ದೊಡ್ಡ ನಟರು ಬಹುಪಾಲು ವೃತ್ತಿ ನಾಟಕ ಕಂಪನಿಗಳಿಂದ ಬಂದವರು. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ನಾಲ್ವರೂ ಗುಬ್ಬಿ ಕಂಪನಿಯ ಅನ್ನ ಉಂಡವರು. ಕಂಪನಿ ನಾಟಕದಲ್ಲಿ ಮಾತು ಕೊನೆಯ ಸಾಲಿನ ನೆಲದ ಟಿಕೆಟ್ಟಿನವನಿಗೂ ಮುಟ್ಟಬೇಕು. ದನಿ ಏರಬೇಕು, ಕೈ ಬೀಸಬೇಕು, ಹಾಡು ಬರಲೇಬೇಕು. ರೇಡಿಯೊ ನಾಟಕದಲ್ಲಿ ಇದಾವುದೂ ನಡೆಯುವುದಿಲ್ಲ. ಮೈಕು ಗೇಣು ದೂರದಲ್ಲಿರುತ್ತದೆ, ಉಸಿರೆಳೆದರೂ ಕೇಳಿಸುತ್ತದೆ. ಕೋಪವನ್ನು ಕಣ್ಣಲ್ಲಿ ತೋರಿಸುವ ಹಾಗಿಲ್ಲ, ಮಾತಿನ ನಡುವಿನ ನಿಲುಗಡೆಯಲ್ಲೇ ತೋರಿಸಬೇಕು. ಅಶ್ವಥ್ ನಟನೆಯ ಗುಟ್ಟು ಈ ನಿಲುಗಡೆಯಲ್ಲಿದೆ. ಅವರ ಸಂಭಾಷಣೆಯಲ್ಲಿ ಅಕ್ಷರವೊಂದೂ ನುಂಗಿಹೋಗುವುದಿಲ್ಲ, ಮಹಾಪ್ರಾಣ ಮಹಾಪ್ರಾಣವಾಗಿಯೇ ಬರುತ್ತದೆ. ಆದರೂ ಅದು ಪಾಠ ಒಪ್ಪಿಸಿದ ಹಾಗೆ ಕೇಳುವುದಿಲ್ಲ. ವಾಕ್ಯ ಮುಗಿಯುವ ಮುನ್ನ ಅರೆಗಳಿಗೆ ತಡೆದು, ಎದುರಿಗಿರುವವನ ಮುಖ ನೋಡಿ, ಆಮೇಲೆ ಕ್ರಿಯಾಪದ ಹಾಕುವುದು ಅವರ ಪದ್ಧತಿ.

ಚಿತ್ರರಂಗಕ್ಕೆ ಬಂದದ್ದು 1955ರಲ್ಲಿ, 'ಸ್ತ್ರೀರತ್ನ' ಚಿತ್ರದ ನಾಯಕನಾಗಿ. ಹೌದು, ನಾಯಕನಾಗಿಯೇ. ವರ್ಷಕ್ಕೆ ಹತ್ತು ಹನ್ನೆರಡು ಕನ್ನಡ ಚಿತ್ರ ಬಂದರೆ ಹೆಚ್ಚು ಎನ್ನುವ ಕಾಲ ಅದು. ಹಿಂದಿನ ವರ್ಷವಷ್ಟೇ 'ಬೇಡರ ಕಣ್ಣಪ್ಪ' ಬಂದು ರಾಜ್‌ಕುಮಾರ್ ಎಂಬ ಹೆಸರು ನಾಡಿನ ಬಾಯಿಗೆ ಬಿದ್ದಿತ್ತು. ಬೆನ್ನಿಗೇ ಕಲ್ಯಾಣ್‌ಕುಮಾರ್, ಉದಯಕುಮಾರ್ ಸೇರಿಕೊಂಡರು. ಮೂವರು ಕುಮಾರರ ನಡುವೆ ನಾಲ್ಕನೆಯ ನಾಯಕನಿಗೆ ಜಾಗ ಕಡಿಮೆ. ಅಶ್ವಥ್ ಆ ಸಾಲಿನಿಂದ ಬೇಗ ಸರಿದು ಪೋಷಕ ಪಾತ್ರಗಳಿಗೆ ಒಗ್ಗಿಕೊಂಡರು. ಪೌರಾಣಿಕ ಚಿತ್ರಗಳಲ್ಲಿ ನಾರದ, ಋಷಿ, ಅರಸ; ಸಾಮಾಜಿಕ ಚಿತ್ರಗಳಲ್ಲಿ ಅಣ್ಣ, ಮಾವ, ಅಪ್ಪ. ನಲವತ್ತು ತುಂಬುವ ಹೊತ್ತಿಗೆ ಅವರು ಕನ್ನಡ ಚಿತ್ರರಂಗದ ಖಾಯಂ ತಂದೆ.

ವಯಸ್ಸಿನ ಲೆಕ್ಕ ಹಾಕಿದರೆ ಇದು ವಿಚಿತ್ರ. ಅಶ್ವಥ್ ರಾಜ್‌ಕುಮಾರ್‌ಗಿಂತ ದೊಡ್ಡವರಾಗಿದ್ದು ನಾಲ್ಕೇ ವರ್ಷ. 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್‌ಗೆ ಜೋಡಿಯಾಗಿದ್ದ ಪಂಢರಿಬಾಯಿ ಮುಂದೆ ಅದೇ ರಾಜ್‌ಕುಮಾರ್‌ಗೆ ತಾಯಿಯಾದರು, ಅನೇಕ ಚಿತ್ರಗಳಲ್ಲಿ ಅಶ್ವಥ್‌ಗೆ ಹೆಂಡತಿಯಾದರು. 'ರಣಧೀರ ಕಂಠೀರವ'ದ ಕಾಲದಲ್ಲಿ ನಾಯಕಿಯಾಗಿ ಮೆರೆದ ಲೀಲಾವತಿಯವರದ್ದೂ ಇದೇ ಕತೆ. ನಾಯಕನಿಗೆ ವಯಸ್ಸಾಗುವುದಿಲ್ಲ. ಅವನ ಪಾಲಿನ ಮುಪ್ಪನ್ನೂ ಸುತ್ತಲಿನವರೇ ಹೊತ್ತುಕೊಳ್ಳಬೇಕು. ಪೋಷಕ ನಟ ಎನ್ನುವುದು ಅರ್ಧ ಈ ಹೊರೆ ಹೊರುವ ಕೆಲಸ. ಜಪಾನಿನ ಚಿಶೂ ರ‍್ಯೂ 'ಟೋಕಿಯೋ ಸ್ಟೋರಿ'ಯಲ್ಲಿ (1953) ಮಕ್ಕಳಿಗೆ ಬೇಡವಾದ ಮುದಿ ತಂದೆಯಾದಾಗ ಅವರಿಗೂ ಐವತ್ತು ತುಂಬಿರಲಿಲ್ಲ. ನಿರ್ದೇಶಕ ಓಝು ಅವರ ಕ್ಯಾಮೆರಾ ಆ ತಂದೆಯನ್ನೇ ಕತೆಯ ನಡುಮನೆಯಲ್ಲಿ ಕೂರಿಸಿತು. ಕನ್ನಡದಲ್ಲಿ ಆ ಜಾಗ ಸಿಕ್ಕಿದ್ದು ಅಪರೂಪ. ಗುಬ್ಬಿ ಕಂಪನಿಯಲ್ಲಿ ಪಳಗಿದ ಎಂ.ವಿ. ವಾಸುದೇವರಾವ್‌ಗೆ 1975ರ 'ಚೋಮನ ದುಡಿ'ಯಲ್ಲಿ ಅಂಥದೊಂದು ಪಾತ್ರ ಒದಗಿ, ರಾಷ್ಟ್ರಪ್ರಶಸ್ತಿಯೂ ಬಂತು. ಉಳಿದವರು ಸಿಕ್ಕ ಎರಡು ದೃಶ್ಯಗಳಲ್ಲೇ ಬದುಕು ಕಟ್ಟಿಕೊಳ್ಳಬೇಕಿತ್ತು. ಲೋಕನಾಥ್ 'ಭೂತಯ್ಯನ ಮಗ ಅಯ್ಯು' (1974) ಚಿತ್ರದಲ್ಲಿ ಉಪ್ಪಿನಕಾಯಿ ಚಪ್ಪರಿಸಿದ್ದನ್ನು ನೋಡಿದವರು ಇವತ್ತಿಗೂ ಅದನ್ನು ಹೇಳುತ್ತಾ ಬಾಯಲ್ಲಿ ನೀರೂರಿಸಿಕೊಳ್ಳುತ್ತಾರೆ.

ಅಶ್ವಥ್ ಅವರ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಬ್ಬರು ಟಿ.ಎನ್. ಬಾಲಕೃಷ್ಣ. ಚಿಕ್ಕಂದಿನಲ್ಲೇ ಕಿವಿಯ ಶಕ್ತಿ ಕಳೆದುಕೊಂಡ ಬಾಲಣ್ಣ ಎದುರಿನವರ ತುಟಿ ಚಲನೆ ನೋಡಿ ಮಾತಿಗೆ ಮಾತು ಜೋಡಿಸುತ್ತಿದ್ದರು. ಕೇಡಿಗನನ್ನು ನಗಿಸುವಂತೆ, ನಗಿಸುವವನನ್ನು ಹೆದರಿಸುವಂತೆ ಆಡುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೊಗಳಲ್ಲಿ ಬಾಡಿಗೆಗೆ ಬಿದ್ದಿದ್ದ ಕಾಲದಲ್ಲಿ ಬೆಂಗಳೂರಿನಲ್ಲೇ ಒಂದು ಸ್ಟುಡಿಯೊ ಇರಬೇಕೆಂದು ಹಟ ಹಿಡಿದು 'ಅಭಿಮಾನ್' ಕಟ್ಟಿ ಸಾಲದಲ್ಲಿ ಮುಳುಗಿದರು. ಬಾಲಣ್ಣನ ಪಾತ್ರಗಳು ದೃಶ್ಯವನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ, ಅಶ್ವಥ್ ಪಾತ್ರಗಳು ಎದುರಿನವನಿಗೆ ಬಿಟ್ಟುಕೊಡುತ್ತವೆ. ಕಿವಿ ಕೇಳದ ನಟ ಮಾತಿನ ಮಲ್ಲನಾಗಿ, ಕಿವಿ ಚೆನ್ನಾಗಿದ್ದ ನಟ ಕೇಳಿಸಿಕೊಳ್ಳುವುದರಲ್ಲಿ ನಿಷ್ಣಾತನಾದದ್ದು ಒಂದು ತಮಾಷೆಯೇ ಸರಿ.

ಕೇಳಿಸಿಕೊಳ್ಳುವ ಕಲೆ ಏನೆಂದು ತಿಳಿಯಬೇಕಾದರೆ 1971ರ 'ಕಸ್ತೂರಿ ನಿವಾಸ' ನೋಡಬೇಕು. ದೊರೆ-ಭಗವಾನ್ ನಿರ್ದೇಶಿಸಿದ ಈ ಚಿತ್ರದಲ್ಲಿ ರಾಜ್‌ಕುಮಾರ್ ಬೆಂಕಿಪೊಟ್ಟಣ ಕಾರ್ಖಾನೆಯ ಧಣಿ ರವಿವರ್ಮ. ಕೊಡುಗೈ ದೊರೆ, ಕೊಟ್ಟೂ ಕೊಟ್ಟೂ ಬರಿದಾಗುವವನು. ಅಶ್ವಥ್ ಮನೆಯಾಳು ರಾಮಯ್ಯ. ಚಿತ್ರದುದ್ದಕ್ಕೂ ಆ ಮನೆಯಿಂದ ಒಂದೊಂದೇ ಹೊರಗೆ ಹೋಗುತ್ತದೆ: ಮಗು, ಹೆಂಡತಿ, ಕಾರ್ಖಾನೆ, ಕಡೆಗೆ ಮನೆಯೂ. ರಾಮಯ್ಯ ಮಾತ್ರ ಉಳಿಯುತ್ತಾನೆ. ಅವನಿಗೆ ದೊಡ್ಡ ಮಾತುಗಳಿಲ್ಲ. ಧಣಿ ಒಂದು ಮಾತು ಹೇಳುತ್ತಾನೆ, ಆಳು ಒಂದು ಕ್ಷಣ ನಿಲ್ಲುತ್ತಾನೆ, ಹೇಳಬೇಕೆಂದಿದ್ದನ್ನು ನುಂಗುತ್ತಾನೆ, ಹೋಗುತ್ತಾನೆ. ಧಣಿಯ ಔದಾರ್ಯಕ್ಕೆ ತೆರುತ್ತಿರುವ ಬೆಲೆ ಎಷ್ಟೆಂದು ಪ್ರೇಕ್ಷಕರಿಗೆ ಗೊತ್ತಾಗುವುದು ಈ ಮುಖದಲ್ಲಿ. ಮನೆಗೆ ಬಂದವಳಿಗೆ ಊಟಕ್ಕಿಡಲು ಬೇರೇನೂ ಉಳಿಯದೆ ಸಾಕಿದ ಪಾರಿವಾಳವೇ ಬಲಿಯಾಗುವ, ಅವಳು ಕೇಳಲು ಬಂದದ್ದೂ ಅದೇ ಪಾರಿವಾಳವನ್ನು ಎಂದು ಆಮೇಲೆ ತಿಳಿಯುವ ಕೊನೆಯ ಭಾಗದಲ್ಲಿ ರಾಜ್‌ಕುಮಾರ್ ಅವರ ನಟನೆಯನ್ನು ಎಲ್ಲರೂ ಕೊಂಡಾಡುತ್ತಾರೆ. ಕೊಂಡಾಡಬೇಕಾದದ್ದೇ. ಆದರೆ ಮನೆಯಲ್ಲಿ ಏನು ನಡೆದಿದೆ ಎಂಬುದನ್ನು ಬಲ್ಲ ಇನ್ನೊಬ್ಬ ಅಲ್ಲಿದ್ದಾನೆ. ಅವನು ಬಾಯಿಬಿಡದೆ ನಿಂತಿರುವುದರಿಂದಲೇ ಆ ದೃಶ್ಯಕ್ಕೆ ಅಷ್ಟು ಭಾರ.

ಮರುವರ್ಷ, 1972ರ ಡಿಸೆಂಬರ್ ಕೊನೆಯಲ್ಲಿ 'ನಾಗರಹಾವು' ತೆರೆಗೆ ಬಂತು. ಎನ್. ವೀರಾಸ್ವಾಮಿ ನಿರ್ಮಾಣ, ಎಸ್.ಆರ್. ಪುಟ್ಟಣ್ಣ ಕಣಗಾಲ್ ನಿರ್ದೇಶನ, ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳ ಕತೆ. ಪುಟ್ಟಣ್ಣ ಅದಾಗಲೇ 'ಗೆಜ್ಜೆಪೂಜೆ', 'ಶರಪಂಜರ' ಚಿತ್ರಗಳಲ್ಲಿ ಅಶ್ವಥ್ ಅವರನ್ನು ಬಳಸಿಕೊಂಡಿದ್ದರು. ಈ ಬಾರಿ ಹೊಸಮುಖ ವಿಷ್ಣುವರ್ಧನ್ ರಾಮಾಚಾರಿ. ಅವನ ಗುರು ಚಾಮಯ್ಯ ಮೇಷ್ಟ್ರಾಗಿ ಅಶ್ವಥ್, ಮೇಷ್ಟ್ರ ಹೆಂಡತಿ ತುಂಗಮ್ಮನಾಗಿ ಲೀಲಾವತಿ. ಆಗ ಅಶ್ವಥ್‌ಗೆ ನಲವತ್ತೇಳು ವರ್ಷ.

ನೆನಪಿನಲ್ಲಿ ಚಾಮಯ್ಯ ಮೇಷ್ಟ್ರು ಆದರ್ಶ ಗುರು. ಶಿಕ್ಷಕರ ದಿನಾಚರಣೆಯ ಭಾಷಣಗಳಲ್ಲಿ ಅವರ ಹೆಸರು ಬರುತ್ತದೆ, ಒಳ್ಳೆಯ ಮೇಷ್ಟ್ರೊಬ್ಬರು ನಿವೃತ್ತರಾದರೆ ಅವರನ್ನು ಊರಿನ ಚಾಮಯ್ಯ ಎನ್ನುವುದುಂಟು. ಚಿತ್ರವನ್ನು ಮತ್ತೊಮ್ಮೆ ನೋಡಿದವರಿಗೆ ಕಾಣುವ ಚಾಮಯ್ಯ ಬೇರೆ. ಇಡೀ ಊರು ಪೋಲಿ ಎಂದು ದೂರವಿಟ್ಟ ಹುಡುಗನಲ್ಲಿ ಒಳ್ಳೆಯದನ್ನು ಕಂಡವರು ಅವರೊಬ್ಬರೇ ಎಂಬುದು ನಿಜ. ಹೆತ್ತ ತಂದೆಯ ಮಾತಿಗೆ ಬಗ್ಗದವನು ಮೇಷ್ಟ್ರ ಎದುರು ತಲೆ ತಗ್ಗಿಸುತ್ತಾನೆ ಎಂಬುದೂ ನಿಜ. ಆದರೆ ಆ ಹಿಡಿತವನ್ನು ಮೇಷ್ಟ್ರು ಯಾವುದಕ್ಕೆ ಬಳಸುತ್ತಾರೆ? ರಾಮಾಚಾರಿ, ಅಲಮೇಲು ಪರಸ್ಪರ ಒಲಿಯುತ್ತಾರೆ, ಆದರೆ ಜಾತಿ ಬೇರೆ. ಹುಡುಗಿಯ ಮದುವೆ ಬೇರೆ ಕಡೆ ಗೊತ್ತಾಗುತ್ತದೆ. ರಾಮಾಚಾರಿಯನ್ನು ತಡೆಯಬಲ್ಲವರು ಒಬ್ಬರೇ. ಮೇಷ್ಟ್ರು ಬರುತ್ತಾರೆ, ತ್ಯಾಗದ ಮಾತಾಡುತ್ತಾರೆ, ಪ್ರೀತಿಸಿದವಳನ್ನು ಬಿಟ್ಟುಕೊಡುವಂತೆ ಮಾಡುತ್ತಾರೆ.

ಆ ದೃಶ್ಯದಲ್ಲಿ ಅಶ್ವಥ್ ಆಡುವುದನ್ನು ಗಮನವಿಟ್ಟು ನೋಡಬೇಕು. ಗದರಿಕೆ ಇಲ್ಲ, ಆಣೆ ಪ್ರಮಾಣದ ಅಬ್ಬರವಿಲ್ಲ. ದನಿ ಮೆತ್ತಗಾಗುತ್ತಾ ಹೋಗುತ್ತದೆ. ಎದುರಿಗಿರುವವನು ತನ್ನ ಮಾತು ಮೀರುವುದಿಲ್ಲ ಎಂಬ ಭರವಸೆ ಆ ಮೆತ್ತನೆಯ ದನಿಯಲ್ಲೇ ಇದೆ. ಕಠಿಣವಾಗಿ ಹೇಳಿದ್ದರೆ ರಾಮಾಚಾರಿ ತಿರುಗಿಬೀಳುತ್ತಿದ್ದ, ಮೇಷ್ಟ್ರಿಗೂ ಅದು ಗೊತ್ತು. ಪ್ರೀತಿಯಿಂದ ಹೇಳಿ ಹುಡುಗನ ಕೈ ಕಟ್ಟಿಹಾಕುತ್ತಾರೆ. ಮಾಡುತ್ತಿರುವುದು ಸರಿ ಎಂಬ ನಂಬಿಕೆ ಅವರ ಮುಖದಲ್ಲಿ ಎಲ್ಲೂ ಅಲುಗಾಡುವುದಿಲ್ಲ. ಸ್ವಲ್ಪ ಅಳುಕು ತೋರಿಸಿದ್ದರೆ ಪ್ರೇಕ್ಷಕರು ಮೇಷ್ಟ್ರನ್ನು ಸುಲಭವಾಗಿ ಕ್ಷಮಿಸಿಬಿಡುತ್ತಿದ್ದರು. ಅಶ್ವಥ್ ಆ ರಿಯಾಯಿತಿ ಕೊಡುವುದಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕತೆ. ಒಳ್ಳೆಯ ಮದುವೆ ಎಂದುಕೊಂಡದ್ದು ಅಲಮೇಲುವನ್ನು ಮೈಮಾರುವ ಸ್ಥಿತಿಗೆ ತಳ್ಳುತ್ತದೆ, ರಾಮಾಚಾರಿ ಅದನ್ನು ಕಣ್ಣಾರೆ ಕಾಣುತ್ತಾನೆ. ಗುರುವಿನ ತೀರ್ಪು ಸುಳ್ಳಾಗಬಹುದೆಂದು ಅವನಿಗೆ ಮೊದಲ ಸಲ ಹೊಳೆಯುತ್ತದೆ. ಮುಂದೆ ಕ್ರೈಸ್ತಳಾದ ಮಾರ್ಗರೆಟ್ ಅವನ ಬದುಕಿಗೆ ಬಂದಾಗ ಚಾಮಯ್ಯ ಮತ್ತೆ ಅಡ್ಡ ನಿಲ್ಲುತ್ತಾರೆ. ಚಿತ್ರದುರ್ಗದ ಬಂಡೆಗಳ ಮೇಲೆ ಆವೇಶದಲ್ಲಿ ಶಿಷ್ಯ ತಳ್ಳಿದ ರಭಸಕ್ಕೆ ಗುರು ಪ್ರಪಾತಕ್ಕೆ ಬೀಳುತ್ತಾರೆ. ಬೆನ್ನಿಗೇ ಶಿಷ್ಯ ಮತ್ತು ಮಾರ್ಗರೆಟ್ ಹಾರಿಕೊಳ್ಳುತ್ತಾರೆ. ಒಮ್ಮೆ ತಪ್ಪಿದವರು ಅದರಿಂದ ಏನನ್ನೂ ಕಲಿಯದೆ ಎರಡನೆಯ ಸಲವೂ ಅದೇ ತಪ್ಪು ಮಾಡಿದರು ಎಂಬುದು ಚಾಮಯ್ಯನ ಪಾತ್ರದ ತಿರುಳು. ವಾತ್ಸಲ್ಯ ಅವರದ್ದು ಅಪ್ಪಟ, ತೀರ್ಮಾನ ಮಾತ್ರ ಊರಿನದು, ಜಾತಿಯದು. ಈ ಎರಡನ್ನೂ ಒಂದೇ ದನಿಯಲ್ಲಿ ಹಿಡಿದದ್ದು ಅಶ್ವಥ್ ಸಾಧನೆ. ಚಿತ್ರ ನೋಡಿದ ತ.ರಾ.ಸು. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿದ್ದಾರೆಂದು ಮುನಿಸಿಕೊಂಡದ್ದು ಪ್ರಸಿದ್ಧ. ಕಾದಂಬರಿಕಾರರ ಸಿಟ್ಟಿಗೆ ಕಾರಣಗಳಿರಬಹುದು, ಆದರೆ ಚಾಮಯ್ಯನ ಮಟ್ಟಿಗೆ ಆ ದೂರು ನಿಲ್ಲುವುದಿಲ್ಲ.

ಆ ಸಾಲಿನ ರಾಜ್ಯ ಪ್ರಶಸ್ತಿಗಳಲ್ಲಿ ವಿಷ್ಣುವರ್ಧನ್ ಶ್ರೇಷ್ಠ ನಟ, ಅಶ್ವಥ್ ಶ್ರೇಷ್ಠ ಪೋಷಕ ನಟ. ಕತೆ ಬೇರೆ ಭಾಷೆಗಳಿಗೂ ಹೋಯಿತು. ಪುಟ್ಟಣ್ಣನವರೇ ಹಿಂದಿಯಲ್ಲಿ 'ಜಹ್ರೀಲಾ ಇನ್ಸಾನ್' (1974) ಮಾಡಿದರು, ರಿಷಿ ಕಪೂರ್ ನಾಯಕ. ತೆಲುಗಿನ 'ಕೋಡೆನಾಗು'ವಿನಲ್ಲಿ ಮೇಷ್ಟ್ರ ಪಾತ್ರವನ್ನು ಕವಿ ಆಚಾರ್ಯ ಆತ್ರೇಯ ವಹಿಸಿದರು. ಕನ್ನಡದಲ್ಲಿ ಗಟ್ಟಿಯಾಗಿ ನಿಂತಷ್ಟು ಈ ಕತೆ ಬೇರೆಲ್ಲೂ ನಿಲ್ಲಲಿಲ್ಲ. ರಿಷಿ ಕಪೂರ್ ಚಿತ್ರವಂತೂ ಓಡಲೇ ಇಲ್ಲ. ಕಾರಣ ಹುಡುಕುವವರು ನಾಯಕರನ್ನು ಹೋಲಿಸುತ್ತಾರೆ, ಮೇಷ್ಟ್ರುಗಳನ್ನು ಹೋಲಿಸುವುದಿಲ್ಲ.

ಪೋಷಕ ನಟನ ಹೆಸರು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ರಾಜ್ಯದ ಹೊರಗಿನ ಕನ್ನಡ ಕೇರಿಗಳನ್ನು ನೋಡಬೇಕು. ಗೋವಾದ ಸಾಂಕೋಲೆಯಲ್ಲಿ, ರಸಗೊಬ್ಬರ ಕಾರ್ಖಾನೆಯ ಆಸುಪಾಸಿನ ಜುವಾರಿನಗರದಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಹೋಗಿ ನೆಲೆಸಿದ ಕುಟುಂಬಗಳು ಬಹಳ. ಇಂಥ ಮನೆಗಳಿಗೆ ಹಳೆಯ ಕನ್ನಡ ಚಿತ್ರಗಳು ತಲುಪಿದ್ದು ಹೆಚ್ಚಾಗಿ ಟಿ.ವಿ.ಯಿಂದ, 1994ರಲ್ಲಿ ಉದಯ ಟಿ.ವಿ. ಶುರುವಾದ ಮೇಲೆ. ಕೊಂಕಣಿ, ಮರಾಠಿ, ಹಿಂದಿ ಕಲಿತು ಬೆಳೆದ ಮಕ್ಕಳಿಗೆ ಕನ್ನಡ ಸಿಗುವ ದಾರಿಗಳಲ್ಲಿ ಅದೂ ಒಂದು. ಅಶ್ವಥ್ ಆಡುವುದು ಅಪ್ಪಟ ಮೈಸೂರು ಸೀಮೆಯ ಕನ್ನಡ. ವಿಜಯಪುರ, ಬಾಗಲಕೋಟೆ ಕಡೆಯ ಮನೆಮಾತಿಗೂ ಅದಕ್ಕೂ ಅಜಗಜಾಂತರ. ಆದರೂ ಆ ಮಾತು ಬಿಡಿಬಿಡಿಯಾಗಿ, ಅವಸರವಿಲ್ಲದೆ ಬರುವುದರಿಂದ ಯಾವ ಸೀಮೆಯ ಕಿವಿಗೂ ತೊಡಕಿಲ್ಲ. ನಾಯಕರ ಡೈಲಾಗು ಚಪ್ಪಾಳೆಗೆ ಒಳ್ಳೆಯದು, ಭಾಷೆ ಕಲಿಯುವವರಿಗೆ ಅಶ್ವಥ್ ವಾಸಿ.

ಚಾಮಯ್ಯನ ಯಶಸ್ಸು ಅವರಿಗೆ ಕೆಲಸ ತಂದಿತು, ಕೆಲಸದ ವೈವಿಧ್ಯ ತರಲಿಲ್ಲ. ಮುಂದಿನ ಇಪ್ಪತ್ತು ವರ್ಷ ಬಂದ ಪಾತ್ರಗಳಲ್ಲಿ ಹೆಚ್ಚಿನವು ಅದೇ ಅಚ್ಚಿನವು: ಸಾಲದಲ್ಲಿ ಸಿಕ್ಕ ಪ್ರಾಮಾಣಿಕ ಗುಮಾಸ್ತ, ಮಗಳ ಮದುವೆಗೆ ಕೈಚಾಚುವ ಅಪ್ಪ, ಮೊದಲರ್ಧ ಮುಗಿಯುವ ಮುನ್ನ ಎದೆ ಹಿಡಿದುಕೊಂಡು ಕುಸಿಯುವ ಹಿರಿಯ. ಹೀರೋನ ಸೇಡಿಗೊಂದು ನೆಪ ಬೇಕಾದಾಗಲೆಲ್ಲ ಕತೆಗಾರರು ಅಶ್ವಥ್ ಅವರನ್ನು ಸಾಯಿಸಿದರು. ಎರಡು ದಿನದ ಕಾಲ್‌ಶೀಟಿನಲ್ಲಿ ಮುಗಿಯುವ ಇಂಥ ಪಾತ್ರಗಳ ಪಟ್ಟಿ ಕೊಡುವುದರಿಂದ ಯಾರಿಗೂ ಲಾಭವಿಲ್ಲ. ಗಮನಿಸಬೇಕಾದದ್ದು ಇಷ್ಟೇ: ಅಂಥ ಚಿತ್ರಗಳಲ್ಲೂ ಅವರು ಅಳುವುದಕ್ಕೆ ಮುಂಚೆ ಅಳು ತಡೆಯಲು ನೋಡುತ್ತಾರೆ. ಗಂಟಲು ಕಟ್ಟುತ್ತದೆ, ಮಾತು ಅರ್ಧಕ್ಕೆ ನಿಲ್ಲುತ್ತದೆ, ಹೆಗಲ ಮೇಲಿನ ಟವಲ್ಲಿಗೆ ಕೈ ಹೋಗುತ್ತದೆ. ಹಿನ್ನೆಲೆಯ ಪಿಟೀಲು ಮಾತ್ರ ಸುಮ್ಮನಿರುವುದಿಲ್ಲ.

1990ರಲ್ಲಿ ಎಸ್.ವಿ. ರಾಜೇಂದ್ರಸಿಂಗ್ ಬಾಬು 'ಮುತ್ತಿನ ಹಾರ'ದಲ್ಲಿ ಅಶ್ವಥ್ ಮತ್ತು ವಿಷ್ಣುವರ್ಧನ್ ಅವರನ್ನು ಕೊಡಗಿನ ಮನೆಯೊಂದರ ತಂದೆ-ಮಗನಾಗಿ ನಿಲ್ಲಿಸಿದರು. ಚಾಮಯ್ಯ-ರಾಮಾಚಾರಿ ತೆರೆಗೆ ಬಂದು ಆಗ ಹದಿನೆಂಟು ವರ್ಷವಾಗಿತ್ತು. ಮಗ ಅಚ್ಚಪ್ಪ ಸಿಪಾಯಿ, ಯುದ್ಧಗಳ ನಡುವೆ ಮನೆಗೆ ಬಂದು ಹೋಗುವವನು. ಕಾಯುವುದು ಮನೆಯವರ ಪಾಲು. ಚಾಮಯ್ಯನ ಅಧಿಕಾರ ಈ ತಂದೆಗಿಲ್ಲ, ಮಗನನ್ನು ತಡೆಯುವ ಆಸೆಯೂ ಇಲ್ಲ. ಹೆಮ್ಮೆ ಮತ್ತು ಭಯ ಎರಡನ್ನೂ ಒಟ್ಟಿಗೆ ಹೊತ್ತ ಮುಖ ಅದು, ಯಾವುದು ಎಷ್ಟು ಎಂದು ಬಿಡಿಸಿ ತೋರಿಸದ ಮುಖ. ಕೊಡವ ಉಡುಪಿನಲ್ಲಿ ಅಶ್ವಥ್ ತಮ್ಮ ಮೈಸೂರಿನ ಮೇಷ್ಟ್ರ ನಡಿಗೆಯನ್ನೇ ಬದಲಿಸಿಕೊಂಡಿದ್ದಾರೆ. ಬೆನ್ನು ನೆಟ್ಟಗಿದೆ, ಹೆಜ್ಜೆ ಅಗಲ. ಅವರ ಅಳವು ಎಷ್ಟಿತ್ತು, ಅದರಲ್ಲಿ ಚಿತ್ರರಂಗ ಬಳಸಿಕೊಂಡದ್ದು ಎಷ್ಟು ಎಂದು ಲೆಕ್ಕ ಹಾಕಲು ಈ ಚಿತ್ರವೊಂದೇ ಸಾಕು.

ಕೊನೆಯವರೆಗೂ ಮೈಸೂರೇ ಅವರ ಊರು. ವಯಸ್ಸಾದಂತೆ ಚಿತ್ರಗಳು ಕಡಿಮೆಯಾದವು. ರಾಜ್‌ಕುಮಾರ್ ಅವರ ಕೊನೆಯ ಚಿತ್ರ 'ಶಬ್ದವೇಧಿ'ಯಲ್ಲಿ (2000) ಅಶ್ವಥ್ ಕೂಡ ಇದ್ದಾರೆ. ಮಗ ಶಂಕರ್ ಅಶ್ವಥ್ ತಂದೆಯ ದಾರಿಯಲ್ಲೇ ಪೋಷಕ ನಟರಾದರು. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ತೀರಿಕೊಂಡರು. ಅವರ ಅಂತ್ಯಸಂಸ್ಕಾರ ನಡೆದದ್ದು ಬಾಲಣ್ಣ ಕಟ್ಟಿದ ಅಭಿಮಾನ್ ಸ್ಟುಡಿಯೊದ ನೆಲದಲ್ಲಿ. ಅದಾಗಿ ಹತ್ತೊಂಬತ್ತು ದಿನಕ್ಕೆ, 2010ರ ಜನವರಿ 18ರಂದು, ಅಶ್ವಥ್ ಮೈಸೂರಿನಲ್ಲಿ ಕಣ್ಣು ಮುಚ್ಚಿದರು. ವಯಸ್ಸು ಎಂಬತ್ತನಾಲ್ಕು. ವಿಷ್ಣುವರ್ಧನ್‌ಗಿಂತ ಒಂದು ದಿನ ಮುಂಚೆ ಭಾವಗೀತೆಗಳ ಗಾಯಕ ಸಿ. ಅಶ್ವಥ್ ಹೋಗಿದ್ದರಿಂದ, ಮೂರು ವಾರದಲ್ಲಿ ಕನ್ನಡ ಎರಡು ಅಶ್ವಥ್‌ಗಳನ್ನು ಕಳೆದುಕೊಂಡಂತಾಯಿತು.

ಹಳೆಯ ಚಿತ್ರಗಳನ್ನು ಹೊಸದಾಗಿ ಸಿಂಗರಿಸಿ ಬಿಡುವ ಪರಿಪಾಠದಿಂದ ಅಶ್ವಥ್‌ಗೆ ಲಾಭವಾಗಿದೆ. 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ಬಳಿದುಕೊಂಡು ಬಂತು, 'ನಾಗರಹಾವು' 2018ರ ಜುಲೈನಲ್ಲಿ ಹೊಸ ಧ್ವನಿಯೊಂದಿಗೆ ಮತ್ತೆ ಚಿತ್ರಮಂದಿರಕ್ಕೆ ಬಂತು. ಅಶ್ವಥ್ ಅವರನ್ನು ಮೊದಲ ಸಲ ನೋಡುವವರು 'ನಾಗರಹಾವಿ'ನಿಂದ ಶುರುಮಾಡಬಾರದು. ಮೊದಲು 'ಕಸ್ತೂರಿ ನಿವಾಸ'ವನ್ನು, ಬಣ್ಣದ್ದಲ್ಲ, ಕಪ್ಪು ಬಿಳುಪಿನ ಮೂಲ ಪ್ರತಿಯನ್ನೇ ಹುಡುಕಿ ನೋಡಲಿ. ಒಮ್ಮೆಯಾದರೂ ರಾಜ್‌ಕುಮಾರ್ ಅವರಿಂದ ಕಣ್ಣು ತೆಗೆದು, ಅವರ ಹಿಂದೆ ಎರಡು ಹೆಜ್ಜೆ ಬಿಟ್ಟು ನಿಂತ ರಾಮಯ್ಯನನ್ನು ನೋಡಲಿ.